ಪಿಸ್ತೂಲಿನ ಒರೆ ಹೊಲಿದ ಮಳೆಗಾಲ

ಹೋದ ಆಷಾಢದಲ್ಲಿ ಕುರ್ಲಾ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದ ಹುಡುಗಿಯ ತೊಗಲಿನ ಚೀಲ ಪೂರ್ತಿ ತೊಯ್ದಿತ್ತು. ಅವಳು ಅದನ್ನು ಮೈಯಿಂದ ದೂರ ಹಿಡಿದು ಮುಖ ಸಿಂಡರಿಸುತ್ತಿದ್ದಳು. ನಾನು ಮಾತ್ರ ನಾಚಿಕೆಯಿಲ್ಲದೆ ಎರಡು ಸಲ ಉಸಿರೆಳೆದುಕೊಂಡೆ. ಕೆಮಿಕಲ್ಲಿನಲ್ಲಿ ಹದ ಮಾಡಿದ ತೊಗಲು, ಜಾಲಿ ತೊಗಟೆಯದಲ್ಲ ಎಂದು ಮೂಗು ಕೂಡಲೇ ಹೇಳಿತು. ಆದರೂ ತೊಗಲು ತೊಗಲೇ. ಗಾಡಿ ಬಂತು, ಹತ್ತಲಿಲ್ಲ. ಬೆಂಚಿನ ಮೇಲೆ ಕೂತುಕೊಂಡೆ. ಇದೇ ಸ್ಟೇಷನ್ನಿನ ಬೆನ್ನಿಗಿದ್ದ ಸಾಲುಕೋಣೆಗಳ ಚಾಳಿನಲ್ಲಿ ನಾನು ಕಳೆದ ಮೊದಲ ಮಳೆಗಾಲ, ಸಾವಿರದ ಒಂಬೈನೂರ ಎಪ್ಪತ್ತರದು, ಒಂದೊಂದೇ ನೆನಪಾಗತೊಡಗಿತು.

ಆಗ ನಮ್ಮ ಮದುವೆಯಾಗಿ ಮೂರು ತಿಂಗಳು. ನಾನು ಅಥಣಿಯವಳು. ಮೂರು ತಲೆಮಾರಿನಿಂದ ಚಪ್ಪಲಿ ಮಾಡುವ ಮನೆ ನಮ್ಮದು. ಅಪ್ಪ ಎಮ್ಮೆ ತೊಗಲು ಹದ ಮಾಡಿ ಚಪ್ಪಲಿಯ ತಳದ ಅಟ್ಟೆ ಕೊಯ್ಯುತ್ತಿದ್ದ. ಅವ್ವ ಮತ್ತು ನಾನು ಹೆಣಿಗೆ ಹಾಕಿ ಹೊಲಿಯುತ್ತಿದ್ದೆವು. ನಮ್ಮವರದೂ ಅದೇ ಕಸುಬಿನ ಮನೆತನವೇ. ಆದರೆ ಅವರು ಮೀಸೆ ಚಿಗುರುವ ಹೊತ್ತಿಗೇ ಸೈನ್ಯ ಸೇರಿ ಊರು ಬಿಟ್ಟಿದ್ದರು. ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಈಗ ಬರೆಯುವಾಗಲೂ ಕೈ ಒಪ್ಪುವುದಿಲ್ಲ, ಆದ್ದರಿಂದ ಇಲ್ಲಿಯೂ ಅವರು 'ನಮ್ಮವರು' ಆಗಿಯೇ ಇರಲಿ.

ಸೈನ್ಯದಿಂದ ಬಂದ ಮೇಲೆ ಅವರಿಗೆ ಕಾಂದಿವಲಿಯ ಒಂದು ವೈರಿನ ಕಾರ್ಖಾನೆಯಲ್ಲಿ ಪಹರೆಯ ಕೆಲಸ ಸಿಕ್ಕಿತ್ತು. ಕಾರ್ಖಾನೆಯ ಹಿಂಬದಿಯ ಬಯಲಲ್ಲಿ ತಾಮ್ರದ ತಂತಿ ಸುತ್ತಿದ ದೊಡ್ಡ ದೊಡ್ಡ ಉರುಳೆಗಳು ಆಕಾಶದ ಕೆಳಗೇ ಬಿದ್ದಿರುತ್ತಿದ್ದವು. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಮೂರರವರೆಗೆ ಅವುಗಳ ಸುತ್ತ ತಿರುಗುವುದು ಇವರ ಡ್ಯೂಟಿ. ಕಂಪನಿ ಇವರ ಸೊಂಟಕ್ಕೆ ಒಂದು ಪಿಸ್ತೂಲು ಕೊಟ್ಟಿತ್ತು. ಪಾಳಿ ಮುಗಿದ ಮೇಲೆ ಅದನ್ನು ಒರೆಸಿ, ಎಣ್ಣೆ ಹಚ್ಚಿ ಆಫೀಸಿಗೆ ಒಪ್ಪಿಸಿ ಬರಬೇಕು. ಲಾಠಿ ಹಿಡಿದವರು ಟೆಂಪರರಿ, ಯಾವಾಗ ಬೇಕಾದರೂ ಮನೆಗೆ. ಪಿಸ್ತೂಲಿನವರಷ್ಟೇ ಪರ್ಮನೆಂಟ್ ಆಗುವವರು. ಇವರದು ದಸರಾದವರೆಗೆ ಪರೀಕ್ಷೆಯ ಕಾಲ. ಆಯುಧ ಪೂಜಿಸುವ ಖಂಡೇಪೂಜೆಯ ದಿನ ಹೆಡ್ ಆಫೀಸಿನವರು ಬಂದು ಆಯುಧಗಳನ್ನು ನೋಡಿ ತೀರ್ಮಾನ ಮಾಡುತ್ತಾರೆ ಎಂದು ಪಹರೆಯ ಮುಖ್ಯಸ್ಥರಾಗಿದ್ದ ಮೇಜರ್ ಸಾಹೇಬರು ಹೇಳಿದ್ದರು. ಕೆಲಸ ಹೋದರೆ ಊರಿಗೆ ಮರಳಿ ತೊಗಲು ನೆನೆಸುವ ಬಾನಿಯ ಮುಂದೆ ಕೂರಬೇಕು, ಆ ಒಂದು ಮಾತಿಗೆ ಇವರು ಬೆಚ್ಚುತ್ತಿದ್ದರು.

ಕಸುಬಿನ ಬಗ್ಗೆ ಇವರಿಗಿದ್ದ ನಾಚಿಕೆ ನನಗೆ ಗೊತ್ತಾದದ್ದು ಚಪ್ಪಲಿಯಿಂದ. ಮದುವೆಯಲ್ಲಿ ಅಪ್ಪ ತನ್ನ ಕೈಯಾರೆ ಮಾಡಿದ ಒಂದು ಜೋಡು ಚಪ್ಪಲಿಯನ್ನು ಅಳಿಯನಿಗೆ ಕೊಟ್ಟಿದ್ದ. ಸವೆದರೆ ಹೊಸ ಅಟ್ಟೆ ಹಾಕಿಕೊಳ್ಳಲಿ ಎಂದು ನನ್ನ ಟ್ರಂಕಿನಲ್ಲಿ ಒಂದು ದಪ್ಪ ತೊಗಲನ್ನೂ, ತೊಗಲು ಕೊಯ್ಯುವ ಅಗಲ ಬಾಯಿಯ ರಂಪಿಯನ್ನೂ ಇಟ್ಟಿದ್ದ. ನಮ್ಮ ಚಪ್ಪಲಿ ನಡೆದರೆ ಕರ್ರ್ ಕರ್ರ್ ಎನ್ನುತ್ತದೆ. ಊರಲ್ಲಿ ಆ ಸದ್ದಿಗಾಗಿಯೇ ಜನ ಹೇಳಿ ಮಾಡಿಸಿಕೊಳ್ಳುತ್ತಾರೆ. ಇವರು ಕುರ್ಲಾದಲ್ಲಿ ಅದನ್ನು ಒಂದು ದಿನವೂ ಮೆಟ್ಟಲಿಲ್ಲ.

"ಆ ಸಪ್ಪಳ ಕೇಳಿದ್ರ ನಾವ್ ಯಾರು, ಎಲ್ಲಿಯವ್ರು ಅಂತ ಮಂದಿಗೆ ತಿಳೀತೈತಿ. ಬೂಟಿಗೆ ಜಾತಿ ಇಲ್ಲ," ಎಂದು ಕಾಗದದಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಹಾಕಿದರು. ಹೊಸ ಹೆಂಡತಿ ನಾನು, ಟ್ರಂಕಿನ ಮುಚ್ಚಳ ಹಾಕಿದೆ. ಆದರೆ ಅಪ್ಪನ ಕೈಗಳು ಕಣ್ಣ ಮುಂದೆ ಬಂದು ಆ ದಿನ ಅನ್ನ ಸೇರಲಿಲ್ಲ.

ಮಳೆ ಬೀಳುವ ಮೊದಲು ಪಿಸ್ತೂಲಿಗೆ ಒರೆ ಬೇಕಾಯಿತು. ನಿನಗೆ ಸರಿಯಾದದ್ದನ್ನು ನೀನೇ ನೋಡಿ ತಂದುಕೋ ಎಂದು ಮೇಜರ್ ಸಾಹೇಬರು ಹೇಳಿದ್ದರಂತೆ. ಒಂದು ಭಾನುವಾರ ಇಬ್ಬರೂ ಫೋರ್ಟ್ ಪೇಟೆಯ ಒಂದು ಅಂಗಡಿಗೆ ಹೋದೆವು. ಅಂಗಡಿಯವನು ಮೂರು ಒರೆಗಳನ್ನು ಮೇಜಿನ ಮೇಲಿಟ್ಟ. ಒಂದು ಕ್ಯಾನ್ವಾಸಿನದು, ಸೈನ್ಯದಲ್ಲಿ ನೋಡಿದ್ದೇ, ನೀರು ಕುಡಿದರೆ ದಿನವಿಡೀ ಒದ್ದೆ ಎಂದು ಇವರೇ ಪಕ್ಕಕ್ಕೆ ಸರಿಸಿದರು. ಇನ್ನೊಂದು ದಪ್ಪ ಕಂದು ತೊಗಲಿನದು, ಆದರೆ ಅಂಚಿನುದ್ದಕ್ಕೂ ಕಬ್ಬಿಣದ ಗುಂಡುಮೊಳೆ, ಮಳೆಗೆ ತುಕ್ಕು ಹಿಡಿಯುವಂಥವು. ಮೂರನೆಯದು ಕರಿ ಪಾಲಿಶಿನದು, ಮುಖ ಕಾಣುವಷ್ಟು ಹೊಳಪು, ಮೇಲೆ ಮಿಂಚುವ ಗುಂಡಿ. ಇವರ ಕಣ್ಣು ಅದರ ಮೇಲೇ ನಿಂತಿತು. ನಾನು ಎರಡು ಬೆರಳಲ್ಲಿ ಅದರ ಅಂಚು ಮಡಚಿ ನೋಡಿದೆ.

"ಇದು ತೆಳ್ಳಗೈತ್ರಿ. ನಾಕು ಮಳಿ ಬಿದ್ರ ಹಪ್ಪಳ ಆಗತೈತಿ," ಎಂದೆ.

"ಇದು ನಿಮ್ಮ ಅಥಣಿ ಅಂಗಡಿ ಅಲ್ಲ, ಸುಮ್ನಿರು," ಎಂದರು. ಕರಿ ಒರೆಯನ್ನೇ ಕೊಂಡರು. ಸುಮ್ಮನಿರುವುದು ನನ್ನ ಸ್ವಭಾವವಲ್ಲ, ಆದರೆ ಆಗಿನ್ನೂ ಅದು ಅವರಿಗೆ ಗೊತ್ತಿರಲಿಲ್ಲ.

ಅಥಣಿಯ ಕಡೆ ಮಳೆ ಎಂದರೆ ಬಂದು ಹೋಗುವ ನೆಂಟ. ಕುರ್ಲಾದಲ್ಲಿ ಅದು ಜೂನಿನಲ್ಲಿ ಬಂದು ಹಾಸಿಗೆ ಹಾಸಿಕೊಂಡು ಮಲಗಿಬಿಟ್ಟಿತು. ಚಾಳಿನ ಗ್ಯಾಲರಿಯಲ್ಲಿ ಬಟ್ಟೆ ಒಣಗಲಿಲ್ಲ, ಉಪ್ಪು ನೀರಾಯಿತು, ಬೆಂಕಿಪೊಟ್ಟಣ ಹತ್ತಲಿಲ್ಲ. ಮೂರೇ ವಾರಕ್ಕೆ ಕರಿ ಒರೆಯ ಮೇಲೆ ಬೂಷ್ಟು ಬಂತು. ಗುಂಡಿ ತುಕ್ಕು ಹಿಡಿಯಿತು. ಇವರು ಬೇಗ ಒಣಗಲಿ ಎಂದು ಅದನ್ನು ಒಲೆಯ ಮೇಲೆ ಹಿಡಿದರು. ಅದು ಸೆಟೆದು ಬಿರುಕು ಬಿಟ್ಟಿತು. ಜುಲೈಯಲ್ಲಿ ಹೊಲಿಗೆಯ ದಾರ ಕೊಳೆತು ಬಾಯಿ ತೆರೆಯಿತು. ಒಂದು ದಿನ ಇವರು ಉರುಳೆಯ ಕೆಳಗೆ ಬಗ್ಗಿ ನೋಡುವಾಗ ಪಿಸ್ತೂಲು ಜಾರಿ ಕೆಸರಿಗೆ ಬಿತ್ತು, ಅದೂ ಮೇಜರ್ ಸಾಹೇಬರ ಕಣ್ಣೆದುರಿಗೇ. ಇನ್ನು ಒಂದು ಸಲ ಬಿದ್ದರೆ, ಅಥವಾ ದಸರಾದ ದಿನ ಅದರ ಮೇಲೆ ತುಕ್ಕಿನ ಒಂದು ಚುಕ್ಕೆ ಕಂಡರೆ ಕೈಗೆ ಲಾಠಿ ಎಂದು ಅವರು ಅಲ್ಲೇ ಹೇಳಿದರಂತೆ.

ಮನೆಗೆ ಬಂದವರು ಗೋಡೆ ನೋಡುತ್ತ ಕೂತುಬಿಟ್ಟರು. ನಾನು ಟ್ರಂಕು ತೆಗೆದು ಅಪ್ಪನ ತೊಗಲನ್ನು ಅವರ ಮುಂದೆ ಹಾಸಿದೆ.

"ನಾ ಹೊಲಿತೀನ್ರಿ."

"ಚಪ್ಪಲಿ ತೊಗಲು ಸೊಂಟಕ್ಕ ಕಟ್ಕೊಂಡು ಹೋಗ್ಲೇನು? ಯಾರು ಮಾಡಿದ್ದಂತ ಕೇಳಿದ್ರ ಏನ್ ಹೇಳ್ಲಿ?"

"ಚಪ್ಪಲಿ ತೊಗಲು ಅಂತ ಅದರ ಮ್ಯಾಲೆ ಬರದೈತೇನು? ನನ್ನಪ್ಪ ಆರು ತಿಂಗಳು ಹದ ಮಾಡ್ಯಾನ. ನಿಮಗ ಕೆಲಸ ಬೇಕೋ, ನಾಚಿಗಿ ಬೇಕೋ ಹೇಳ್ರಿ."

ಅಷ್ಟು ದೊಡ್ಡ ದನಿಯಲ್ಲಿ ಅವರೊಂದಿಗೆ ನಾನು ಮಾತಾಡಿದ್ದು ಅದೇ ಮೊದಲು. ಅವರು ಒಪ್ಪಿದರು. ಆದರೆ ಒಂದು ಶರತ್ತು. ಯಾರಾದರೂ ಕೇಳಿದರೆ ಫೋರ್ಟಿನ ಅಂಗಡಿಯಲ್ಲಿ ಕೊಂಡದ್ದು ಎಂದೇ ಹೇಳುವುದು. ಕೆಲಸ ಉಳಿಯಲಿ ಎಂದು ನಾನು ಹೂಂಗುಟ್ಟಿದೆ.

ಪಿಸ್ತೂಲನ್ನು ಮನೆಗೆ ತರುವಂತಿರಲಿಲ್ಲ. ತೊಗಲನ್ನು ಒದ್ದೆ ಮಾಡಿ ವಸ್ತುವಿನ ಮೇಲೆ ಒತ್ತಿಯೇ ಅದಕ್ಕೆ ಆಕಾರ ಕೊಡಬೇಕು. ವಸ್ತುವೇ ಇಲ್ಲದೆ ಒತ್ತುವುದು ಯಾವುದರ ಮೇಲೆ? ಇವರು ಆಫೀಸಿನಲ್ಲಿ ಪಿಸ್ತೂಲನ್ನು ಹಳೆ ಪೇಪರಿನ ಮೇಲಿಟ್ಟು ಸುತ್ತಲೂ ಗೆರೆ ಎಳೆದು ತಂದರು. ದಪ್ಪಕ್ಕೆ ದಾರ ಸುತ್ತಿ ಗಂಟು ಹಾಕಿ ತಂದರು. ನಾನು ಬಟ್ಟೆ ಬಡಿಯುವ ಹಲಗೆಯನ್ನು ಕೊಯ್ದು ಕೆತ್ತಿ ಮರದ ಪಿಸ್ತೂಲು ಮಾಡಿದೆ. ಆ ಮಳೆಗಾಲವೆಲ್ಲ ಬಟ್ಟೆಯನ್ನು ಕಲ್ಲಿಗೇ ಒಗೆದೆ. ಚಾಳಿನ ಹೆಂಗಸರು ಬಾಗಿಲಲ್ಲಿ ನಿಂತು, "ಕಾಯ್ ಗ, ದರೋಡೆ ಮಾಡಾಕ ಹೊಂಟಿಯೇನು?" ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ನಗುತ್ತಿದ್ದರು.

ಹತ್ತು ದಿನ ಹಿಡಿಯಿತು. ತೊಗಲಿನ ನಯವಾದ ಮೈ ಒಳಕ್ಕೆ ಬರುವ ಹಾಗೆ ಮಡಚಿದೆ, ಕಬ್ಬಿಣಕ್ಕೆ ಉಜ್ಜಬಾರದು. ಗುಂಡು ಹಾರಿಸಲು ಎಳೆಯುವ ಕುದುರೆ ಪೂರ್ತಿ ಮುಚ್ಚಿರಬೇಕು, ಬೆರಳು ತಪ್ಪಿ ತಾಗಬಾರದು. ಹಿಡಿ ಮಾತ್ರ ಕೈಗೆ ಸಿಗಬೇಕು. ಮೇಲೆ ಅಗಲವಾದ ಮುಚ್ಚಳ, ಮಳೆ ಇಳಿದು ಹೋಗುವಂತೆ. ಗುಂಡಿಯ ಬದಲು ಮರದ ಕಡ್ಡಿ, ಅದಕ್ಕೆ ತೊಗಲಿನ ಕುಣಿಕೆ. ಹೆಬ್ಬೆರಳು ಒತ್ತಿದರೆ ಬಿಡುತ್ತಿತ್ತು. ಮೊಳೆ ಇಲ್ಲ, ದಾರವೂ ಇಲ್ಲ. ಚಪ್ಪಲಿ ಹೊಲಿಯುವಂತೆ ತೊಗಲಿನ ಸಣ್ಣ ಬಾರಿನಿಂದಲೇ ಹೊಲಿದೆ. ಅದು ನೀರು ಕುಡಿದರೆ ಉಬ್ಬಿ ತೂತನ್ನು ತಾನೇ ಮುಚ್ಚುತ್ತದೆ. ತಳವನ್ನಂತೂ ನೀರಿನ ಹನಿ ನುಸುಳದಂತೆ ಎರಡು ಪದರ ಹಾಕಿ ಬಿಗಿದೆ. ಕೊನೆಗೆ ಜೇನುಮೇಣ ತಿಕ್ಕಿ ನೆರಳಲ್ಲಿ ಒಣಗಿಸಿದೆ. ಮರದ ಪಿಸ್ತೂಲು ಒಳಗೆ ಕೂತಾಗ ಟಕ್ ಎಂಬ ಸಣ್ಣ ಸದ್ದಾಯಿತು. ನನಗೆ ಆ ಕ್ಷಣ ಆದ ಹೆಮ್ಮೆ ಮುಂದೆ ಮಗ ಹುಟ್ಟಿದಾಗಲೂ ಆಗಲಿಲ್ಲವೇನೋ. ಅವನು ಓದಿ ಬೇಜಾರು ಮಾಡಿಕೊಳ್ಳದಿರಲಿ.

ಮೇಜರ್ ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಕಿಸ್ ದುಕಾನ್ ಸೇ ಲಿಯಾ?" ಎಂದರಂತೆ. ಇವರು ಫೋರ್ಟಿನ ಅಂಗಡಿ ಎಂದರು. ಬಂದು ನನಗೆ ವರದಿ ಒಪ್ಪಿಸಿದರು, ಭಾರೀ ಖುಷಿಯಲ್ಲಿ. ನಾನೇ ಒಪ್ಪಿದ್ದ ಮಾತು, ಹೌದು. ಆದರೂ ಎರಡು ದಿನ ತಾಟು ಕುಕ್ಕಿ ರೊಟ್ಟಿ ಬಡಿಸಿದೆ. ಯಾಕೆಂದು ಕೇಳುವ ಧೈರ್ಯ ಅವರಿಗಾಗಲಿಲ್ಲ.

ಆಗಸ್ಟಿನಲ್ಲಿ ನಾಲ್ಕು ದಿನ ಬಿಡದೆ ಹೊಡೆಯಿತು. ಐದನೆಯ ದಿನ ಇವರು ಮುಖ ಸಣ್ಣ ಮಾಡಿಕೊಂಡು ಬಂದರು. ಪಿಸ್ತೂಲಿನ ನಳಿಕೆಯ ತುದಿಗೆ ತುಕ್ಕಿನ ಕೆಂಪು ಕಂಡಿತ್ತು. ಉಜ್ಜಿದ್ದಕ್ಕೆ ಹೋಯಿತು, ಆದರೆ ಮೇಜರ್ ಸಾಹೇಬರು ನೋಡಿಬಿಟ್ಟಿದ್ದರು.

"ಏನಂದ್ರು?"

"ಅಂಗಡ್ಯಾವಗ ತೋರ್ಸಿ ರಿಪೇರಿ ಮಾಡಿಸ್ಕೊಂಡು ಬಾ ಅಂದ್ರು."

"ಹಂಗಾದ್ರ ಫೋರ್ಟಿಗೆ ಹೋಗ್ರಿ. ಕುರ್ಲಾದ ಅಂಗಡಿ ಬಂದ್ ಐತಿ," ಎಂದು ನಾನು ರೊಟ್ಟಿ ತಟ್ಟತೊಡಗಿದೆ.

ಅವರು ಒರೆಯನ್ನು ನನ್ನ ಪಕ್ಕದಲ್ಲಿಟ್ಟು ಗ್ಯಾಲರಿಗೆ ಹೋಗಿ ನಿಂತರು. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಮಳೆಯ ಎರಚಲು ಅವರ ಯೂನಿಫಾರ್ಮಿಗೆ ಹೊಡೆಯುತ್ತಲೇ ಇತ್ತು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು, ಹೆದರಿಕೆ ಹತ್ತಿತು. ಮರುದಿನ ಅವರಿಗೆ ವಾರದ ರಜೆ. ಇದ್ದದ್ದು ಅದೊಂದೇ ದಿನ.

ಬೆಳಿಗ್ಗೆ ಒರೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದೆ. ಜಾಲಿ ತೊಗಟೆಯಲ್ಲಿ ಹದ ಮಾಡಿದ ತೊಗಲಿಗೆ ಒದ್ದೆ ಕಬ್ಬಿಣ ತಾಗಿದರೆ ಮಸಿಯಂತೆ ಕಪ್ಪಾಗುತ್ತದೆ. ತಳದಲ್ಲಿ ಎರಡು ಬೆರಳಿನಷ್ಟು ಎತ್ತರಕ್ಕೆ ದುಂಡಗೆ ಕಪ್ಪು ಗೆರೆ ಎದ್ದಿತ್ತು. ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ತೊಗಲೇ ಗೆರೆ ಎಳೆದು ತೋರಿಸುತ್ತಿತ್ತು. ಆದರೆ ಅಷ್ಟು ಬಿಗಿದ ತಳಕ್ಕೆ ನೀರು ಬಂದದ್ದಾದರೂ ಎಲ್ಲಿಂದ ಎಂದು ತಲೆಗೆ ಹೊಳೆಯಲಿಲ್ಲ.

ಒಲೆಗೆ ತೆಂಗಿನ ಚಿಪ್ಪು ತರಲು ನಾನು ಸ್ಟೇಷನ್ ರಸ್ತೆಯ ಉಡುಪಿ ಹೋಟೆಲಿನ ಹಿಂಬಾಗಿಲಿಗೆ ಹೋಗುತ್ತಿದ್ದೆ. ಅಲ್ಲಿ ದೋಸೆ ಹೊಯ್ಯುವ ಶೀನಣ್ಣ ಕುಂದಾಪುರದ ಕಡೆಯವರು. ಮಾತಾಡಲು ಕನ್ನಡದವರು ಸಿಕ್ಕರೆ ಸಾಕು, ಚಿಪ್ಪಿನ ಜೊತೆ ಎರಡು ಮಾತೂ ಕೊಡುತ್ತಿದ್ದರು. ಅಂದು ಒರೆಯನ್ನೂ ಕೈಯಲ್ಲಿ ಹಿಡಿದು ಹೋಗಿದ್ದೆ, ಅದನ್ನು ನೋಡಿ ವಿಷಯ ಕೇಳಿದರು. ಹೇಳಿದೆ. ಅವರು ಮುಚ್ಚಳ ಎತ್ತಿದರು, ತಳ ಮುಟ್ಟಿದರು, ನಕ್ಕರು.

"ಎಂತ ಚಂದ ಮಾಡಿದ್ದೀರಿ ಅಕ್ಕ! ಆದ್ರೆ ನೀವು ಬಯಲುಸೀಮೆಯವರು, ಮಳೆ ಅಂದ್ರೆ ಮೇಲಿಂದ ಮಾತ್ರ ಬರುದು ಅಂತ ತಿಳ್ಕೊಂಡಿದ್ದೀರಿ. ಇಲ್ಲಿ ಅದು ಅಡ್ಡ ಬರ್ತದೆ, ಗಾಳಿಯಲ್ಲಿ ಬರ್ತದೆ. ಅವರ ಮೈಬೆವರೂ ಉಂಟಲ್ಲ? ಬರ್ಲೇಬಾರ್ದು ಅಂತ ಹಟ ಹಿಡಿದ್ರೆ ಆಗುದಿಲ್ಲ. ಬಂದದ್ದು ಹೋಗ್ಲಿಕ್ಕೆ ದಾರಿ ಎಲ್ಲಿ ಉಂಟು?"

ಹಾಗೆಂದು ಪಕ್ಕದಲ್ಲಿದ್ದ ಡಾಲ್ಡಾ ಡಬ್ಬವನ್ನು ಎತ್ತಿ ತೋರಿಸಿದರು. ತೊಳೆದ ಚಮಚಗಳನ್ನು ಹಾಕಿಡುವ ಡಬ್ಬ. ಅದರ ತಳಕ್ಕೆಲ್ಲ ಮೊಳೆಯಿಂದ ತೂತು ಹೊಡೆದಿದ್ದರು.

"ಇದಿಲ್ಲದಿದ್ರೆ ಚಮಚ ಎಲ್ಲ ಎರಡೇ ದಿನಕ್ಕೆ ಕೆಂಪು," ಎಂದರು.

ಚಿಪ್ಪು ಅಲ್ಲೇ ಬಿಟ್ಟು ಮನೆಗೆ ಓಡಿದೆ. ಆದರೆ ರಂಪಿ ಕೈಗೆತ್ತಿಕೊಂಡವಳು ಮತ್ತೆ ಕೆಳಗಿಟ್ಟೆ. ಇಡೀ ಒರೆಯಲ್ಲಿ ನಾನು ಅತಿ ಮುತುವರ್ಜಿಯಿಂದ ಹೊಲಿದದ್ದು ಆ ತಳವನ್ನೇ. ಅಟ್ಟೆಗೆ ತೂತು ಬಿದ್ದರೆ ಅಪ್ಪ ಇಡೀ ಜೋಡನ್ನೇ ಮೂಲೆಗೆ ಎಸೆಯುತ್ತಿದ್ದ. ಕೊಯ್ತ ತಪ್ಪಿದರೆ ಇನ್ನೊಂದು ಒರೆಗೆ ತೊಗಲೂ ಉಳಿದಿರಲಿಲ್ಲ. ಇವರು ಎದುರಿಗೆ ಬಂದು ಕೂತರು. ಎರಡೂ ಕೈಯಲ್ಲಿ ಒರೆಯನ್ನು ನೆಲಕ್ಕೆ ಒತ್ತಿ ಹಿಡಿದು, "ಕೊಯ್ಯಿ," ಎಂದರು. ಹುಟ್ಟಿದ ಮನೆಯಲ್ಲಿ ಸಣ್ಣವರಿದ್ದಾಗ ಅವರ ಅಪ್ಪನಿಗೆ ಹೀಗೆಯೇ ಹಿಡಿದುಕೊಡುತ್ತಿದ್ದಿರಬೇಕು. ತೊಗಲು ಕದಲದಂತೆ ಎಲ್ಲಿ ಒತ್ತಬೇಕೆಂದು ಆ ಕೈಗಳು ಮರೆತಿರಲಿಲ್ಲ.

ಹೆಬ್ಬೆರಳು ತೂರುವಷ್ಟು ತೂತು ಮಾಡಿದೆ. ನಳಿಕೆಯ ತುದಿ ತೊಗಲಿಗೆ ತಾಗದೆ ಗಾಳಿ ಆಡುವಂತೆ ಒಳಗೆ ಸಣ್ಣ ಪಟ್ಟಿ ಹೊಲಿದು ತಡೆ ಕೊಟ್ಟೆ. ಅಂಚಿಗೆ ಮತ್ತೆ ಮೇಣ ತಿಕ್ಕಿದೆ. ಮುಚ್ಚಳ ಎತ್ತಿ ಒಂದು ಲೋಟ ನೀರು ಸುರಿದೆವು. ನೀರು ಒಂದು ಗಳಿಗೆ ನಿಲ್ಲದೆ ಕೆಳಗಿನಿಂದ ಇಳಿದು ಮೋರಿಗೆ ಹೋಯಿತು. ಇಬ್ಬರೂ ಮಕ್ಕಳಂತೆ ಇನ್ನೂ ಎರಡು ಲೋಟ ಸುರಿದು ನೋಡಿದೆವು.

ಸೆಪ್ಟೆಂಬರಿನಲ್ಲಿ ಮಳೆ ಏನೇನು ಆಟ ಆಡಿದರೂ ಪಿಸ್ತೂಲಿಗೆ ಕೆಂಪು ಹತ್ತಲಿಲ್ಲ. ಇವರು ಪ್ರತಿದಿನ ಒರೆಯನ್ನು ಮನೆಗೆ ತಂದು ಗ್ಯಾಲರಿಯ ನೆರಳಲ್ಲಿ ನೇತುಹಾಕುತ್ತಿದ್ದರು. ಒಲೆಯ ಕಡೆ ಒಯ್ಯಲು ನಾನು ಬಿಡುತ್ತಿರಲಿಲ್ಲ.

ಖಂಡೇಪೂಜೆಗೆ ಮನೆಯವರನ್ನೂ ಕರೆದುಕೊಂಡು ಬರಲು ಕಾರ್ಖಾನೆಯವರು ಹೇಳಿದ್ದರು. ಹಸಿರು ಇಳಕಲ್ ಸೀರೆ ಉಟ್ಟು, ದಾದರಿನಲ್ಲಿ ಗಾಡಿ ಬದಲಿಸಿ ಕಾಂದಿವಲಿಗೆ ಹೋದೆ. ಬಯಲಿನಲ್ಲಿ ಹಲಗೆಯ ಮೇಲೆ ಐದು ಪಿಸ್ತೂಲು, ಚೆಂಡುಹೂವು, ಕುಂಕುಮ. ಐವರು ಪಹರೆಯವರು ಸಾಲಾಗಿ ನಿಂತಿದ್ದರು. ಹೆಂಗಸರು ಒಂದು ಪಕ್ಕಕ್ಕೆ. ಹೆಡ್ ಆಫೀಸಿನವರು ಒಂದೊಂದೇ ಪಿಸ್ತೂಲಿನ ನಳಿಕೆಗೆ ಬಿಳಿ ಬಟ್ಟೆ ತೂರಿಸಿ ತೆಗೆದರು. ನಾಲ್ಕರ ಬಟ್ಟೆಯಲ್ಲಿ ಅಷ್ಟಿಷ್ಟು ಕೆಂಪು ಬಂತು. ನಮ್ಮವರದು ಹಾಕಿದಷ್ಟೇ ಬೆಳ್ಳಗೆ ಹೊರಬಂತು. ನಾನು ಹಿಡಿದಿದ್ದ ಉಸಿರು ಬಿಟ್ಟೆ.

ಮೇಜರ್ ಸಾಹೇಬರು ನಾನು ಹೊಲಿದ ಒರೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. ಬಯಲಲ್ಲಿ ನಿಲ್ಲುವವನ ಒರೆ ಹೀಗಿರಬೇಕು, ಉಳಿದ ನಾಲ್ವರಿಗೂ ಇಂಥದ್ದನ್ನೇ ತರಿಸಿ ಎಂದು ಹೇಳಿ, ಅಂಗಡಿಯ ವಿಳಾಸ ಬರೆದುಕೊಳ್ಳಲು ಗುಮಾಸ್ತನನ್ನು ಕರೆದರು. ಗುಮಾಸ್ತ ಪೆನ್ಸಿಲ್ ಹಿಡಿದು ಇವರ ಮುಂದೆ ನಿಂತ. ಇವರು ಹಲಗೆಯ ಮೇಲಿನ ಪಿಸ್ತೂಲು ನೋಡಿದರು, ನನ್ನ ಕಡೆ ನೋಡಿದರು. ಫೋರ್ಟು ಎಂದರೆ ಮುಗಿಯುತ್ತಿತ್ತು. ನಾನು ನೆಲ ನೋಡಿದೆ. ಏನೇ ಹೇಳಿದರೂ ಇವತ್ತು ತಾಟು ಕುಕ್ಕುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ, ಅವರ ಕಷ್ಟ ಅಷ್ಟು ಕಾಣುತ್ತಿತ್ತು.

"ಅಂಗಡಿ ಅಲ್ಲ ಸಾಬ್," ಎಂದರು ಇವರು, ತಮ್ಮ ಸೈನ್ಯದ ಹಿಂದಿಯಲ್ಲಿ. "ಅಂದು ಸುಳ್ಳು ಹೇಳಿದೆ. ಇದನ್ನು ಮಾಡಿದವಳು ನನ್ನ ಹೆಂಡತಿ. ಅಲ್ಲಿ ಹಸಿರು ಸೀರೆಯಲ್ಲಿ ನಿಂತಿದ್ದಾಳೆ. ನಾವು ಅಥಣಿಯವರು, ಚಪ್ಪಲಿ ಮಾಡುವ ಜನ. ಅವಳ ಅಪ್ಪನೂ, ನನ್ನ ಅಪ್ಪನೂ."

ಸಾಲಿನಲ್ಲಿದ್ದ ಒಬ್ಬ ಇವರ ಪಕ್ಕದಿಂದ ಅರ್ಧ ಹೆಜ್ಜೆ ಸರಿದದ್ದನ್ನು ನಾನು ನೋಡಿದೆ, ಇಂದಿಗೂ ಮರೆತಿಲ್ಲ. ಅವನ ಆಚೆಗಿದ್ದವನು ನಕ್ಕು, ನನಗೆ ಮೊದಲು ಮಾಡಿಕೊಡಲು ಹೇಳು ಎಂದ, ಅದನ್ನೂ ಮರೆತಿಲ್ಲ. ಗುಮಾಸ್ತ ಏನು ಬರೆಯಲಿ ಎಂದು ಮೇಜರ್ ಸಾಹೇಬರ ಮುಖ ನೋಡಿದ. ಅವರು ನನ್ನ ಹತ್ತಿರ ಬಂದು ವಿಳಾಸ ಹೇಳಮ್ಮ ಎಂದರು. "ಕುರ್ಲಾ," ಎಂದೆ, ಅಷ್ಟೇ. ಉಳಿದದ್ದನ್ನು ಇವರು ಹೇಳಿ ಬರೆಸಿದರು. ಆಮೇಲೆ ಸಾಹೇಬರು ಒರೆಯನ್ನು ಪಿಸ್ತೂಲಿನ ಪಕ್ಕಕ್ಕೆ ಹಲಗೆಯ ಮೇಲಿಟ್ಟು, ತಾವೇ ಅದಕ್ಕೆ ಕುಂಕುಮ ಹಚ್ಚಿದರು. ಇವರು ಪರ್ಮನೆಂಟ್ ಆದ ಕಾಗದ ಆ ವಾರವೇ ಬಂತು.

ಹಬ್ಬ ಮುಗಿದ ಭಾನುವಾರ ಮಳೆ ಪೂರ್ತಿ ನಿಂತಿತ್ತು. ಶೀನಣ್ಣನಿಗೆ ಸಿಹಿ ಕೊಟ್ಟು ಬರೋಣ ಎಂದು ನಾನು ಡಬ್ಬಿ ಕಟ್ಟುತ್ತಿದ್ದೆ. ಹಿಂದೆ ಟ್ರಂಕು ತೆರೆದ ಸದ್ದಾಯಿತು, ಕಾಗದ ಬಿಚ್ಚಿದ ಸದ್ದೂ ಆಯಿತು. ತಿರುಗಿ ನೋಡಬೇಕೆನಿಸಿತು, ನೋಡಲಿಲ್ಲ. ಅವರು ನನಗಿಂತ ಮುಂಚೆ ಹೊರಗೆ ಹೋದರು. ಕರ್ರ್ ಕರ್ರ್ ಎನ್ನುತ್ತ ಅಪ್ಪನ ಚಪ್ಪಲಿ ಗ್ಯಾಲರಿಯ ಈ ತುದಿಯಿಂದ ಆ ತುದಿಯವರೆಗೆ ನಡೆಯಿತು. ಎಲ್ಲರ ಬಾಗಿಲ ಮುಂದೆಯೂ ನಡೆಯಿತು.